ಬೀಚಿ ಓದಿ ನಗೋದಾ, ಬೇಡ್ವಾ?

ಕನ್ನಡದ ಒಂದಕ್ಷರ, ಅದರ ಪಕ್ಕದಲ್ಲೇ ಇಂಗ್ಲಿಷಿನ ಮೂರಕ್ಷರ. ಬೀ ಅನ್ನೋದನ್ನ ಕನ್ನಡದಲ್ಲಿ ಬರೆದು, ಚಿ ಅನ್ನೋದಕ್ಕೆ ಸಿ, ಎಚ್, ಐ ಅಂತ ಇಂಗ್ಲಿಷ್ ಅಕ್ಷರ ಜೋಡಿಸಿ ಹೆಸರು ಹಾಕಿಕೊಂಡ ಇನ್ನೊಬ್ಬ ಕನ್ನಡ ಲೇಖಕರು ನಮಗಂತೂ ಕಂಡಿಲ್ಲ. ಪುಸ್ತಕದ ಮುಖಪುಟದ ಮೇಲೂ ಹಾಗೇ ಅಚ್ಚಾಗ್ತಿತ್ತು. ನಾವು ಚಾಟ್‌ನಲ್ಲಿ ದಿನಾ ಮಾಡೋ ಕಂಗ್ಲಿಷ್ ಕಿತಾಪತಿಯನ್ನ ಬೀಚಿ ಅರ್ಧ ಶತಮಾನಕ್ಕೂ ಹಿಂದೆ ತಮ್ಮ ಹೆಸರಲ್ಲೇ ಮಾಡಿ ಮುಗಿಸಿದ್ರು.

ಈ ಸಲದ ಸಂಚಿಕೆಗೆ ಹಾಸ್ಯ ಲೇಖಕರೊಬ್ಬರ ಬದುಕಿನ ಬಗ್ಗೆ ಬರೆಯೋಣ ಅಂತ ಕ್ಲಬ್ಬಿನಲ್ಲಿ ಮಾತು ಬಂದಾಗ, ಬೀಚಿ ಹೆಸರಿಗೆ ಅರ್ಧ ಜನ ಕೈ ಎತ್ತಿದ್ರು, ಇನ್ನರ್ಧ ಜನ ಮುಖ ಸಿಂಡರಿಸಿದ್ರು. ಯಾಕೆ ಅಂತ ಆಮೇಲೆ ಹೇಳ್ತೀವಿ. ಮೊದಲು ಮನುಷ್ಯನ ಕಥೆ.

ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ಹರಪನಹಳ್ಳಿ ಯಾವ ಜಿಲ್ಲೆ ಅಂತ ಕೇಳಿದ್ರೆ ಉತ್ತರ ಹೇಳೋದೇ ಒಂದು ಬೀಚಿ ಜೋಕು. ಅವರು ಹುಟ್ಟಿದಾಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಊರು ದಾವಣಗೆರೆ ಜಿಲ್ಲೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರ್ತು. ಊರು ಒಂದಿಂಚೂ ಅಲ್ಲಾಡಿಲ್ಲ.

ತಂದೆ ತಾಯಿ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳ್ಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ. ಬಡತನ ಇತ್ತು, ಹಾಗಾಗಿ ಓದು ಹೆಚ್ಚು ದೂರ ಹೋಗಲಿಲ್ಲ. ಹೊಟ್ಟೆಪಾಡಿಗೆ ಸೇರಿದ್ದು ಪೊಲೀಸ್ ಇಲಾಖೆಯ ಕಚೇರಿ ಕೆಲಸಕ್ಕೆ. ರಾಯಸ ಅಂದ್ರೆ ಹಿಂದಿನ ಕಾಲದಲ್ಲಿ ಆಸ್ಥಾನದ ಪತ್ರ ಬರೆಯೋ ಕೆಲಸ. ಮನೆತನದ ಹೆಸರೇ ಗುಮಾಸ್ತಿಕೆ, ಸಿಕ್ಕಿದ್ದೂ ಗುಮಾಸ್ತಿಕೆ. ಕಳ್ಳರು, ಕುಡುಕರು, ಸುಳ್ಳು ಸಾಕ್ಷಿಗಳು, ಸಾಹೇಬರ ಮುಂದೆ ಬಗ್ಗೋ ಬೆನ್ನುಗಳು, ಎಲ್ಲಾ ಫೈಲ್ ರೂಪದಲ್ಲಿ ಮೇಜಿನ ಮೇಲೆ ಬರ್ತಿದ್ದ ಜಾಗ ಅದು. ಮುಂದೆ ಅವರ ಪುಸ್ತಕಗಳಲ್ಲಿ ಓಡಾಡಿದ್ದೂ ಇಂಥ ಜನರೇ.

ಸೋಜಿಗ ಅಂದ್ರೆ, ಯೌವನದಲ್ಲಿ ಈ ಮನುಷ್ಯನಿಗೆ ಕನ್ನಡ ಪುಸ್ತಕ ಕಂಡ್ರೆ ತಾತ್ಸಾರ. ಓದಿದ್ರೆ ಇಂಗ್ಲಿಷ್ ಓದಬೇಕು, ಕನ್ನಡದಲ್ಲೇನಿದೆ ಮಣ್ಣು ಅನ್ನೋ ಧೋರಣೆ. ಹೀಗಿರುವಾಗ ಅ.ನ.ಕೃ. ಅವರ ಸಂಧ್ಯಾರಾಗ ಕಾದಂಬರಿ ಕೈಗೆ ಸಿಕ್ತು. (1966ರಲ್ಲಿ ರಾಜ್‌ಕುಮಾರ್ ಅಭಿನಯಿಸಿದ ಸಿನಿಮಾ ಬಂತಲ್ಲ, ಅದರ ಮೂಲ.) ಓದಿ ಮುಗಿಸೋ ಹೊತ್ತಿಗೆ ತಾತ್ಸಾರ ಇಳಿದು ಹೋಗಿತ್ತು. ಅಲ್ಲಿಂದಾಚೆ ಕನ್ನಡ ಓದಿದ್ರು, ಆಮೇಲೆ ಬರೆಯೋಕೆ ಕೂತ್ರು. ದಾಸಕೂಟ, ಸರಸ್ವತಿ ಸಂಹಾರ, ಖಾದಿ ಸೀರೆ ಅಂತ ಕಾದಂಬರಿ ಬರೆದ್ರು. ನಾಟಕ, ಅಂಕಣ, ಹರಟೆಗಳೂ ಸೇರಿದಂತೆ ಹತ್ತಾರು ಪುಸ್ತಕ ಬಂದವು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ನೆಲೆಸಿದ್ರು.

ಆದ್ರೆ ಜನಕ್ಕೆ ಅವರು ಕೊಟ್ಟ ನಿಜವಾದ ಆಸ್ತಿ ತಿಂಮ. ತಿಮ್ಮ ಅಲ್ಲ, ಸೊನ್ನೆ ಹಾಕಿ ತಿಂಮ. ಇವತ್ತು ತಿಂಮ ಪೇಷಂಟು, ನಾಳೆ ಡಾಕ್ಟರು. ಒಂದು ಪುಟದಲ್ಲಿ ಮೇಷ್ಟ್ರು, ಮುಂದಿನ ಪುಟದಲ್ಲಿ ಫೇಲಾದ ಹುಡುಗ. ವಯಸ್ಸು, ಕೆಲಸ, ಬುದ್ಧಿ ಯಾವುದೂ ಸ್ಥಿರ ಇಲ್ಲ. ನಮ್ಮ ಭಾಷೇಲಿ ಹೇಳ್ಬೇಕು ಅಂದ್ರೆ ಅವನೊಂದು ವೇರಿಯಬಲ್ಲು, ಯಾವ ವ್ಯಾಲ್ಯೂ ಬೇಕಾದ್ರೂ ಹಾಕಬಹುದು. ಸ್ಥಿರವಾಗಿರೋದು ಒಂದೇ: ನೀವಾಡಿದ ಮಾತನ್ನ ಅಕ್ಷರಶಃ ತಗೊಂಡು, ಅದರ ಬಾಲ ಹಿಡಿದು, ನೀವು ಊಹಿಸದ ಕಡೆ ಎಳ್ಕೊಂಡು ಹೋಗ್ತಾನೆ. ಅರ್ಥವಿಲ್ಲದ್ದು ಅನ್ನಿಸುತ್ತೆ. ಒಂದು ನಿಮಿಷ ಬಿಟ್ಟು ನೋಡಿದ್ರೆ ಅರ್ಥವಿಲ್ಲದ್ದು ನಮ್ಮ ಮಾತೇ.

ಬಸವನಗುಡಿಯ ಡಿ.ವಿ.ಜಿ. ರಸ್ತೆಯಲ್ಲಿ ಓಡಾಡೋ ನಮಗೆ ಮಂಕುತಿಮ್ಮನ ಕಗ್ಗ ಗೊತ್ತಿರಲೇಬೇಕು. 1943ರ ಪುಸ್ತಕ, ಕನ್ನಡಿಗರ ಮನೆ ಶೆಲ್ಫಿನ ದೊಡ್ಡ ಮರ್ಯಾದಸ್ಥ. ಬೀಚಿ ಅದೇ ಧಾಟಿ ಹಿಡಿದು ಅಂದನಾ ತಿಂಮ ಅಂತ ಒಂದು ಪುಸ್ತಕ ಬರೆದ್ರು. ಮಂಕುತಿಮ್ಮ ಕೂತು ಯೋಚಿಸಿದ ವಿಷಯಗಳನ್ನೇ ಈ ತಿಂಮ ನಿಂತು ಗೇಲಿ ಮಾಡ್ತಾನೆ. ಗೇಲಿ ಅಂದ್ರೆ ಅವಮಾನ ಅಲ್ಲ. ಕಗ್ಗವನ್ನ ಪ್ರೀತಿಯಿಂದ ಓದದವರು ಆ ಧಾಟಿ ಹಿಡಿಯೋಕಾಗಲ್ಲ ಅಂತ ನಮ್ಮ ಅಭಿಪ್ರಾಯ. ಇದನ್ನ ಒಪ್ಪದ ಕಗ್ಗಾಭಿಮಾನಿಗಳು ನಮ್ಮಲ್ಲೇ ಇಬ್ಬರಿದ್ದಾರೆ.

ಸುಧಾ ವಾರಪತ್ರಿಕೆ 1965ರಲ್ಲಿ ಶುರುವಾಯ್ತು. ಅದರಲ್ಲಿ ಬೀಚಿ ನಡೆಸ್ತಿದ್ದ ಪ್ರಶ್ನೋತ್ತರದ ಅಂಕಣ ನೀವು ಕೇಳಿದಿರಿ. ಓದುಗರು ಪೋಸ್ಟ್ ಕಾರ್ಡಿನಲ್ಲಿ ದೇವರಿಂದ ಹಿಡಿದು ಬದನೆಕಾಯಿವರೆಗೆ ಏನು ಬೇಕಾದ್ರೂ ಕೇಳಬಹುದು. ಉತ್ತರ ಒಂದು ಸಾಲು, ಹೆಚ್ಚೆಂದ್ರೆ ಎರಡು. ಪತ್ರಿಕೆ ಮನೆಗೆ ಬಂದ ತಕ್ಷಣ ಮೊದಲು ಆ ಪುಟ ತೆಗೀತಿದ್ವಿ ಅಂತ ನಮ್ಮ ಅಜ್ಜ ಅಜ್ಜಿಯರ ತಲೆಮಾರಿನವರು ಈಗಲೂ ನೆನಪಿಸ್ಕೊಳ್ತಾರೆ.

ಈಗ ಮುಖ ಸಿಂಡರಿಸಿದವರ ವಿಷಯ. ತಕರಾರು ಹೊಸದೇನಲ್ಲ. ಅರವತ್ತು, ಎಪ್ಪತ್ತರ ದಶಕ ಕನ್ನಡದಲ್ಲಿ ನವ್ಯದ ಕಾಲ. ಸಾಹಿತ್ಯ ಅಂದ್ರೆ ಗಂಭೀರವಾಗಿರಬೇಕು, ನಕ್ಕರೂ ತುಟಿ ತೆರೀಬಾರದು ಅನ್ನೋ ವಾತಾವರಣ. ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಓಡೋ ಪುಸ್ತಕಕ್ಕೆ ವಿಮರ್ಶಕರ ಮನೆಯಲ್ಲಿ ಮಣೆ ಸಿಗ್ತಿರಲಿಲ್ಲ. ಪಕ್ಕದ ಉದಾಹರಣೆ ನೋಡಿ: ಬಂಗಾಳಿಯಲ್ಲಿ ಸುಕುಮಾರ್ ರಾಯ್ ಶುದ್ಧ ಅಸಂಬದ್ಧ ಪದ್ಯಗಳನ್ನ ಬರೆದ್ರು. ಫಿಸಿಕ್ಸ್, ಕೆಮಿಸ್ಟ್ರಿ ಓದಿ, ಇಂಗ್ಲೆಂಡಿಗೆ ಹೋಗಿ ಮುದ್ರಣ ತಂತ್ರಜ್ಞಾನ ಕಲಿತು ಬಂದ ಮನುಷ್ಯ, ಅಂದ್ರೆ ಹೆಚ್ಚೂಕಡಿಮೆ ನಮ್ಮ ಸೀನಿಯರ್ರು. ಅವರ ಆಬೋಲ್ ತಾಬೋಲ್ 1923ರಲ್ಲಿ ಬಂದಾಗಿನಿಂದ ಇವತ್ತಿನವರೆಗೂ ಬಂಗಾಳಿಗಳು ಅದನ್ನ ದೊಡ್ಡ ಸಾಹಿತ್ಯ ಅಂತಲೇ ತಲೆ ಮೇಲೆ ಹೊತ್ತಿದ್ದಾರೆ. ಬೀಚಿಯನ್ನ ನಾವು ಜೇಬಲ್ಲಿಟ್ಕೊಂಡು ಓದಿದ್ವಿ, ತಲೆ ಮೇಲೆ ಹೊರಲಿಲ್ಲ.

ನಮ್ಮ ಕ್ಲಬ್ಬಿನಲ್ಲಿ ತಿಂಮನ ತಲೆ ಪುಸ್ತಕ ಕೈಯಿಂದ ಕೈಗೆ ಹೋದಾಗ ಬಂದ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಬಳ್ಳಾರಿ, ಕೊಪ್ಪಳದಿಂದ ಬಂದು ಹಾಸ್ಟೆಲ್ಲಿನಲ್ಲಿರೋರು ಹೊಟ್ಟೆ ಹಿಡ್ಕೊಂಡು ನಕ್ಕರು. ಆ ಮಾತಿನ ಏಟು ಅವರ ಮನೆಯ ಮಾತಿನ ಏಟು. ಜಯನಗರ, ಜೆಪಿ ನಗರದ ಕೆಲವರಿಗೆ ಅದೆಲ್ಲಾ ಹಳೇ ವಾಟ್ಸಾಪ್ ಫಾರ್ವರ್ಡ್ ಥರ ಕಂಡಿತು. ಹಾಗೆ ಕಾಣೋದರಲ್ಲಿ ಆಶ್ಚರ್ಯ ಇಲ್ಲ. ತಿಂಮನ ಜೋಕುಗಳು ಹೆಸರು ಕಳಚಿಕೊಂಡು ಮದುವೆ ಮನೆ, ಕಾಲೇಜ್ ಡೇ, ಟಿವಿ ಸ್ಕಿಟ್ಟು ಎಲ್ಲಾ ಸುತ್ತಿ ನಮ್ಮ ಫೋನಿಗೆ ಬಂದಿವೆ. ಮೂಲವನ್ನ ಕೊನೆಗೆ ಓದಿದವರಿಗೆ ಮೂಲವೇ ಕಾಪಿ ಅನ್ನಿಸುತ್ತೆ.

ಮೂರನೇ ಆಕ್ಷೇಪ ಗಟ್ಟಿಯಾದದ್ದು, ಅದನ್ನ ಎತ್ತಿದ್ದು ಹುಡುಗೀರು. ಹೆಂಡತಿ ಅಂದ್ರೆ ಬಾಯಿಬಡುಕಿ, ಗಂಡ ಅಂದ್ರೆ ಪಾಪದ ಪ್ರಾಣಿ ಅನ್ನೋ ಸೂತ್ರದ ಮೇಲೆ ನಿಂತ ಜೋಕುಗಳು ಬೀಚಿಯಲ್ಲಿ ದಂಡಿಯಾಗಿವೆ. ಅವು ಆ ಕಾಲದವು ಅಂತ ಹೇಳಿ ದಾಟಿಬಿಡೋದು ಸುಲಭ. ಆದ್ರೆ ಅವನ್ನ ಇವತ್ತು ಸ್ಟೇಜ್ ಮೇಲೆ ಹೇಳೋರು ಇವತ್ತಿನವರೇ ತಾನೇ? ಆ ಪುಟಗಳಿಗೆ ನಮಗೆ ನಗು ಬರಲಿಲ್ಲ, ಬರ್ಲೇಬೇಕು ಅಂತ ಕಾನೂನೂ ಇಲ್ಲ.

ಆದ್ರೆ ಈ ಜಗಳ ಮಾಡೋ ಮುಂಚೆ ಅವರ ಆತ್ಮಕಥೆ ಓದಬೇಕು ಅನ್ನೋದು ನಮ್ಮ ಹಟ. ಹೆಸರು ನನ್ನ ಭಯಾಗ್ರಫಿ. ಬಯಾಗ್ರಫಿಗೆ ಒಂದು ಹೊಕ್ಕಳು ಸೀಳಿದ್ರೆ ಭಯ. ಶೀರ್ಷಿಕೆ ಜೋಕಿನ ಥರ ಇದೆ, ಒಳಗಿರೋದು ತಬ್ಬಲಿ ಹುಡುಗನ ಹಸಿವು, ಹಂಗಿನ ಅನ್ನ, ಸಣ್ಣ ಸಂಬಳ. ಅಳಬೇಕಾದ ಜಾಗದಲ್ಲೆಲ್ಲಾ ಈ ಮನುಷ್ಯ ನಗಿಸ್ತಾ ಹೋಗ್ತಾರೆ. ನಮ್ಮಲ್ಲಿ ಒಬ್ಬಳು ಅದನ್ನ ಬಿಟಿಎಂನ ಪಿಜಿಯಲ್ಲಿ ಒಂದೇ ರಾತ್ರಿ ಓದಿ ಮುಗಿಸಿ, ಹೆಂಡತಿ ಜೋಕುಗಳ ಮೇಲಿನ ಸಿಟ್ಟು ಹಾಗೇ ಇದೆ, ಮನುಷ್ಯನ ಮೇಲೆ ಮಾತ್ರ ಇಲ್ಲ ಅಂತ ಬೆಳಿಗ್ಗೆ ವರದಿ ಕೊಟ್ಟಳು. ನಮ್ಮ ಪ್ರಕಾರ ಬೀಚಿಗೆ ಸಿಕ್ಕ ಅತ್ಯಂತ ನ್ಯಾಯವಾದ ವಿಮರ್ಶೆ ಅದೇ.

ಬೀಚಿ ತೀರಿಕೊಂಡಿದ್ದು 1980ರ ಡಿಸೆಂಬರ್ 7ರಂದು, 67ನೇ ವಯಸ್ಸಿನಲ್ಲಿ. ಅವರನ್ನ ಮತ್ತೆ ಜನರ ಬಾಯಿಗೆ ತಂದವರು, ಅಭಿನವ ಬೀಚಿ ಅಂತಲೇ ಕರೆಸಿಕೊಳ್ಳೋ ಗಂಗಾವತಿ ಪ್ರಾಣೇಶ್. ನಮ್ಮ ಬ್ಯಾಚಿನ ಬಹಳಷ್ಟು ಜನ ಬೀಚಿಯನ್ನ ಮೊದಲು ಕೇಳಿದ್ದು ಯೂಟ್ಯೂಬಿನಲ್ಲಿ, ಪ್ರಾಣೇಶ್ ದನಿಯಲ್ಲೇ.

ಓದೋಕೆ ಶುರು ಮಾಡೋರಿಗೆ ಒಂದು ಮಾತು. ಭಯಾಗ್ರಫಿ ಮೊದಲು, ತಿಂಮ ಆಮೇಲೆ. ತಿಂಮನನ್ನ ಒಂದೇ ಸಲ ಐವತ್ತು ಪುಟ ಓದಬೇಡಿ, ತಲೆ ಚಿಟ್ಟು ಹಿಡಿಯುತ್ತೆ. ದಿನಕ್ಕೆ ನಾಲ್ಕೈದು ಪುಟ, ಇಂಟರ್ನಲ್ಸ್ ಹತ್ರ ಬಂದ್ರೆ ಇನ್ನೆರಡು ಪುಟ ಜಾಸ್ತಿ.