ಸ್ಯಾಮ್ ಲಾಯ್ಡ್: ಒಗಟುಗಳ ಅರಸನ ಎರವಲು ಕಿರೀಟ

ಇಬ್ಬರು ಗೆಳೆಯರ ನಡುವೆ ಒಂದು ಊಟದ ಪಂದ್ಯ. ಒಬ್ಬ ಚದುರಂಗದ ಸಮಸ್ಯೆಗಳನ್ನು ಹೆಣೆಯುವವನು, ಇನ್ನೊಬ್ಬ ಬಿಡಿಸುವವನು. ಯಾವ ಸಮಸ್ಯೆಯನ್ನು ಮುಂದಿಟ್ಟರೂ ಕೊನೆಯಲ್ಲಿ ಎದುರಾಳಿಯ ರಾಜನಿಗೆ ಚೆಕ್‌ಮೇಟ್ ನೀಡುವ ಕಾಯಿ ಯಾವುದೆಂದು ಮೊದಲೇ ಹೇಳಬಲ್ಲೆನೆಂಬುದು ಎರಡನೆಯವನ ಹೆಮ್ಮೆ. ಮೊದಲನೆಯವನು ಪಂದ್ಯವನ್ನು ತಿರುಗಿಸಿ ಹಾಕಿದ. ಚೆಕ್‌ಮೇಟ್ ನೀಡುವ ಕಾಯಿಯನ್ನಲ್ಲ, ಎಂದಿಗೂ ನೀಡಲಾರದ ಕಾಯಿಯನ್ನು ತೋರಿಸುವಂತೆ ಕೇಳಿದ. ಗೆಳೆಯ ಹೆಚ್ಚು ಯೋಚಿಸದೆ ಹಲಗೆಯ ಒಂದು ಮೂಲೆಯಲ್ಲಿ, ತನ್ನ ಮೂಲ ಮನೆಯಿಂದ ಇನ್ನೂ ಕದಲದೆ ನಿಂತಿದ್ದ ಪದಾತಿಯತ್ತ ಬೆರಳು ಮಾಡಿದ. ಆ ಪದಾತಿಯೇ ಒಂದೊಂದು ನಡೆಗೂ ಮುನ್ನಡೆದು, ಐದನೆಯ ನಡೆಯಲ್ಲಿ ಕೊನೆಯ ಸಾಲನ್ನು ಮುಟ್ಟಿ, ರಾಣಿಯಾಗಿ ಬಡ್ತಿ ಪಡೆದು ಕಪ್ಪು ರಾಜನನ್ನು ಕಟ್ಟಿಹಾಕಿತು.

ಪಂದ್ಯ ಸೋತವನು ಡೆನಿಸ್ ಜೂಲಿಯನ್. ಗೆದ್ದವನು ಸ್ಯಾಮ್ಯುಯೆಲ್ ಲಾಯ್ಡ್. ಸಮಸ್ಯೆ ರಚನೆಯಾದದ್ದು 1858ರಲ್ಲಿ ಎಂದು ಲಾಯ್ಡ್ ಹೇಳಿಕೊಂಡಿದ್ದಾನೆ. ಆಗ ಅವನಿಗೆ ವಯಸ್ಸು ಹದಿನೇಳು. 1861ರ ಜನವರಿಯಲ್ಲಿ ಅದು ಲಂಡನ್ನಿನ ಎರಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್ನೂ ಎತ್ತರಕ್ಕೆ ಎಂಬ ಅರ್ಥ ಕೊಡುವ ಎಕ್ಸೆಲ್ಸಿಯರ್ ಎಂಬ ಹೆಸರನ್ನು ಲಾಂಗ್‌ಫೆಲೋ ಕವಿಯ ಪದ್ಯವೊಂದರಿಂದ ತೆಗೆದುಕೊಂಡದ್ದು. ಇಂದಿಗೂ ಚದುರಂಗ ಸಮಸ್ಯೆಗಳ ಲೋಕದಲ್ಲಿ ಪದಾತಿಯೊಂದು ತನ್ನ ಮೂಲ ಮನೆಯಿಂದ ಹೊರಟು ಬಡ್ತಿಯವರೆಗೆ ಸಾಗುವ ವಸ್ತುವಿಗೆ ಎಕ್ಸೆಲ್ಸಿಯರ್ ಎಂದೇ ಹೆಸರು.

ಊಟದ ಪಂದ್ಯದ ಕಥೆಯನ್ನು ಲೋಕಕ್ಕೆ ಹೇಳಿದವನು ಸ್ವತಃ ಲಾಯ್ಡ್. ಸಮಸ್ಯೆ ಅಪ್ಪಟ ಚಿನ್ನ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮನುಷ್ಯ ತನ್ನ ಬಗ್ಗೆ ಹೇಳಿಕೊಂಡ ಕಥೆಗಳಲ್ಲಿ ಎಲ್ಲವೂ ಚಿನ್ನವಾಗಿರಲಿಲ್ಲ. ಅವನ ಬದುಕನ್ನು ಬರೆಯ ಹೊರಟವರೆಲ್ಲ ಎದುರಿಸಿದ ಒಗಟು ಇದೇ.

ಹದಿನಾಲ್ಕರ ಹರೆಯದಲ್ಲಿ

ಲಾಯ್ಡ್ ಹುಟ್ಟಿದ್ದು 1841ರ ಜನವರಿಯಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮಗು ಮೂರು ವರ್ಷದ್ದಿರುವಾಗ ಕುಟುಂಬ ನ್ಯೂಯಾರ್ಕ್‌ಗೆ ಬಂದು ನೆಲೆಸಿತು. ಅಣ್ಣಂದಿರೊಡನೆ ಚದುರಂಗದ ಕ್ಲಬ್ಬಿಗೆ ಹೋಗುತ್ತಿದ್ದ ಹುಡುಗನನ್ನು ಆಟಕ್ಕಿಂತ ಹೆಚ್ಚಾಗಿ ಸೆಳೆದದ್ದು ಆಟದೊಳಗಿನ ಒಗಟು. 1855ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವನ ಮೊದಲ ಸಮಸ್ಯೆ ಅಚ್ಚಾಯಿತು.

ಅಮೆರಿಕದಲ್ಲಿ ಚದುರಂಗಕ್ಕೆ ಹೊಸ ಹುರುಪು ಬಂದಿದ್ದ ಕಾಲವದು. ಪಾಲ್ ಮಾರ್ಫಿ ಎಂಬ ತರುಣನ ಕೀರ್ತಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಹಬ್ಬುತ್ತಿತ್ತು. ಡೇನಿಯಲ್ ವಿಲ್ಲರ್ಡ್ ಫಿಸ್ಕ್ ನ್ಯೂಯಾರ್ಕ್‌ನಲ್ಲಿ ನಡೆಸುತ್ತಿದ್ದ ಚೆಸ್ ಮಂತ್ಲಿ ಪತ್ರಿಕೆಯ ಸಮಸ್ಯಾ ವಿಭಾಗವನ್ನು ಲಾಯ್ಡ್ ಹದಿಹರೆಯದಲ್ಲೇ ವಹಿಸಿಕೊಂಡ. ಒಂದೇ ಹೆಸರು ಮತ್ತೆ ಮತ್ತೆ ಕಾಣಿಸದಂತೆ ಡಬ್ಲ್ಯು. ಕಿಂಗ್, ಎ. ನೈಟ್, ಡಬ್ಲ್ಯು. ಕೆ. ಬಿಷಪ್ ಎಂಬ ಸುಳ್ಳು ಹೆಸರುಗಳಿಂದಲೂ ಸಮಸ್ಯೆಗಳನ್ನು ಪ್ರಕಟಿಸಿದ. ಮೂರೂ ಹೆಸರುಗಳು ಚದುರಂಗದ ಕಾಯಿಗಳವೇ ಎಂಬುದನ್ನು ಗಮನಿಸಬೇಕು. ಮೋಸವೂ ವಿನೋದವೂ ಅವನಲ್ಲಿ ಬೇರೆ ಬೇರೆಯಾಗಿರಲಿಲ್ಲ.

1859ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಒಂದು ಸಮಸ್ಯೆ ಅವನ ಪ್ರತಿಭೆಗೆ ಒಳ್ಳೆಯ ಸಾಕ್ಷಿ. ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್ 1713ರಲ್ಲಿ ಬೆಂಡರ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಲುಕಿದ್ದಾಗ ತನ್ನ ಮಂತ್ರಿಯೊಡನೆ ಚದುರಂಗವಾಡುತ್ತಿರುವಂತೆ ಕಥೆ. ಮೂರು ನಡೆಗಳಲ್ಲಿ ಚೆಕ್‌ಮೇಟ್ ಎಂದು ದೊರೆ ಘೋಷಿಸುವಷ್ಟರಲ್ಲಿ ಕಿಟಕಿಯಿಂದ ತೂರಿಬಂದ ಗುಂಡು ಬಿಳಿಯ ಕುದುರೆಯನ್ನು ನುಚ್ಚುನೂರು ಮಾಡುತ್ತದೆ. ದೊರೆ ವಿಚಲಿತನಾಗದೆ ಕುದುರೆಯಿಲ್ಲದೆಯೇ ನಾಲ್ಕು ನಡೆಗಳಲ್ಲಿ ಗೆಲುವು ಕಾಣುತ್ತಾನೆ. ಎರಡನೆಯ ಗುಂಡು ಪದಾತಿಯೊಂದನ್ನು ಒಯ್ಯುತ್ತದೆ. ಆಗಲೂ ಐದು ನಡೆಗಳಲ್ಲಿ ಚೆಕ್‌ಮೇಟ್. ಒಂದೇ ವ್ಯೂಹದಿಂದ ಒಂದೊಂದೇ ಕಾಯಿ ತೆಗೆದರೂ ಪ್ರತಿ ಸಲ ಹೊಸ ಪರಿಹಾರ ಉಳಿಯುವಂತೆ ಲಾಯ್ಡ್ ಅದನ್ನು ಹೆಣೆದಿದ್ದ. ನಾಲ್ಕು ದಶಕಗಳ ನಂತರ, 1900ರಲ್ಲಿ, ಫ್ರೆಡ್ರಿಕ್ ಅಮೆಲುಂಗ್ ಎಂಬಾತ ಇನ್ನೊಂದನ್ನು ಕಂಡುಹಿಡಿದ. ಮೊದಲ ಗುಂಡು ಕುದುರೆಯ ಬದಲು ಆನೆಗೆ ತಗುಲಿದ್ದರೆ ದೊರೆ ಆರು ನಡೆಗಳಲ್ಲಿ ಗೆಲ್ಲುತ್ತಿದ್ದ. ಒಬ್ಬ ಕಟ್ಟಿದ ಒಗಟನ್ನು ಮತ್ತೊಬ್ಬ ಬೆಳೆಸುವ ಸ್ನೇಹದ ಆಟ ಹೀಗೆ ತಲೆಮಾರು ದಾಟಿತು.

ಆಟಗಾರನಾಗಿ ಲಾಯ್ಡ್ ಹೆಚ್ಚೇನೂ ಸಾಧಿಸಲಿಲ್ಲ. 1867ರಲ್ಲಿ ಪ್ಯಾರಿಸ್ ಪಂದ್ಯಾವಳಿಯಲ್ಲಿ ಭಾಗವಹಿಸಿ ಕೆಳಗಿನ ಸ್ಥಾನಗಳಲ್ಲಿ ಉಳಿದ. ಹಲಗೆಯ ಮೇಲಿನ ಹೋರಾಟಕ್ಕೆ ತಾಳ್ಮೆ ಬೇಕು. ಅವನಿಗೆ ಬೇಕಾದದ್ದು ಅಚ್ಚರಿ. ಪರಿಹಾರದ ಮೊದಲ ನಡೆ ಬಿಡಿಸುವವನ ಅಭ್ಯಾಸಬಲಕ್ಕೆ ತೀರ ವಿರುದ್ಧವಾಗಿರಬೇಕೆಂಬುದೇ ಅವನ ಸಮಸ್ಯೆಗಳ ಸೂತ್ರ. ಈ ಬಗ್ಗೆ ತನ್ನ ವಿಚಾರಗಳನ್ನು 1878ರಲ್ಲಿ ಚೆಸ್ ಸ್ಟ್ರಾಟೆಜಿ ಎಂಬ ಪುಸ್ತಕವಾಗಿ ಹೊರತಂದ. ಜೀವಮಾನದಲ್ಲಿ ಆತ ರಚಿಸಿದ ಚದುರಂಗ ಸಮಸ್ಯೆಗಳು 700ಕ್ಕೂ ಹೆಚ್ಚು.

ಕತ್ತೆಗಳೂ ಮಾಯವಾಗುವ ಯೋಧನೂ

ಸಮಸ್ಯೆಗಳಿಂದ ಹೊಟ್ಟೆ ತುಂಬುವುದಿಲ್ಲ. ಲಾಯ್ಡ್ ಕೊಳಾಯಿ ಕೆಲಸದ ಗುತ್ತಿಗೆದಾರನಾದ, ಸಂಗೀತ ಸಾಮಗ್ರಿಗಳ ಅಂಗಡಿ ನಡೆಸಿದ. ಆದರೆ ಸಂಪಾದನೆಯ ದೊಡ್ಡ ದಾರಿ ತೆರೆದದ್ದು ಜಾಹೀರಾತು ಒಗಟುಗಳಿಂದ. ಕಾಗದದ ಮೂರು ತುಂಡುಗಳು. ಎರಡರಲ್ಲಿ ಸೋತು ಸುಣ್ಣವಾದ ಎರಡು ಕತ್ತೆಗಳು, ಮೂರನೆಯದರಲ್ಲಿ ಇಬ್ಬರು ಸವಾರರು. ಕಾಗದವನ್ನು ಮಡಿಸದೆ, ಹರಿಯದೆ ಸವಾರರನ್ನು ಕತ್ತೆಗಳ ಮೇಲೆ ಕೂರಿಸಬೇಕು. ಸರಿಯಾಗಿ ಜೋಡಿಸಿದಾಗ ಹಳೆಯ ಕತ್ತೆಗಳು ಕಣ್ಮರೆಯಾಗಿ ನಾಗಾಲೋಟದ ಹೊಸ ಕತ್ತೆಗಳು ಮೂಡುತ್ತವೆ. ಸರ್ಕಸ್ ದೊರೆ ಪಿ. ಟಿ. ಬಾರ್ನಮ್ ಇದನ್ನು ತನ್ನ ಹೆಸರಿನಲ್ಲಿ ಹಂಚಿದ ಮೇಲೆ ಅದು ಮನೆಮಾತಾಯಿತು.

1896ರಲ್ಲಿ ಪೇಟೆಂಟ್ ಪಡೆದ ಗೆಟ್ ಆಫ್ ದಿ ಅರ್ತ್ ಇನ್ನೂ ವಿಚಿತ್ರ. ಭೂಗೋಳದ ಸುತ್ತ ನಿಂತ ಹದಿಮೂರು ಚೀನೀ ಯೋಧರು. ನಡುವಿನ ಬಿಲ್ಲೆಯನ್ನು ತುಸು ತಿರುಗಿಸಿದರೆ ಉಳಿಯುವವರು ಹನ್ನೆರಡೇ ಮಂದಿ. ನಿಜದಲ್ಲಿ ಯಾರೂ ಮಾಯವಾಗುವುದಿಲ್ಲ. ಬಿಲ್ಲೆ ತಿರುಗಿದಾಗ ಒಬ್ಬ ಯೋಧನ ತುಣುಕುಗಳು ಉಳಿದವರ ಕೈಕಾಲು ಮುಖಗಳಿಗೆ ಹಂಚಿಹೋಗುತ್ತವೆ. ತರ್ಕ ಸೊಗಸಾದದ್ದು, ಆದರೆ ಚೀನೀಯರ ವಲಸೆಗೆ 1882ರಲ್ಲೇ ಕಾನೂನಿನ ತಡೆ ಹಾಕಿದ್ದ ಅಮೆರಿಕದ ಅಂದಿನ ಪೂರ್ವಗ್ರಹದ ನೆರಳು ಆ ಚಿತ್ರದ ಮೇಲೂ ಹೆಸರಿನ ಮೇಲೂ ಬಿದ್ದಿದೆ.

ಹದಿನೈದು ಬಿಲ್ಲೆಗಳ ಸುಳ್ಳು

ಲಾಯ್ಡ್‌ನ ಹೆಸರಿನೊಡನೆ ಅತಿ ಹೆಚ್ಚು ಬೆಸೆದುಕೊಂಡದ್ದು ಹದಿನೈದರ ಒಗಟು. ಹದಿನಾರು ಮನೆಗಳ ಚೌಕಟ್ಟಿನಲ್ಲಿ 1ರಿಂದ 15ರವರೆಗಿನ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆಗಳನ್ನು ಸರಿಸುತ್ತ ಅಂಕಿಗಳನ್ನು ಕ್ರಮಕ್ಕೆ ತರಬೇಕು. 1880ರ ಆರಂಭದಲ್ಲಿ ಈ ಹುಚ್ಚು ಅಮೆರಿಕವನ್ನೂ ಬೆನ್ನಲ್ಲೇ ಯೂರೋಪನ್ನೂ ಆವರಿಸಿತು. 14 ಮತ್ತು 15 ಮಾತ್ರ ಅದಲುಬದಲಾಗಿರುವ ಸ್ಥಿತಿಯಿಂದ ಕ್ರಮಕ್ಕೆ ತರುವುದು ಎಲ್ಲರ ತಲೆ ತಿಂದ ಸವಾಲಾಯಿತು. ದಂತವೈದ್ಯರೊಬ್ಬರು ಬಿಡಿಸಿದವರಿಗೆ ಕಟ್ಟುಹಲ್ಲಿನ ಬಹುಮಾನವನ್ನೂ ಘೋಷಿಸಿದ್ದರು.

ಬಹುಮಾನ ಯಾರಿಗೂ ಸಿಗುವಂತಿರಲಿಲ್ಲ. ಚೌಕಟ್ಟಿನ ಮನೆಗಳಿಗೆ ಚದುರಂಗದ ಹಲಗೆಯಂತೆ ಕಪ್ಪು ಬಿಳುಪು ಬಣ್ಣ ಹಚ್ಚಿದ್ದೇವೆಂದುಕೊಂಡರೆ ಕಾರಣ ಸ್ಪಷ್ಟವಾಗುತ್ತದೆ. ಬಿಲ್ಲೆಯೊಂದನ್ನು ಸರಿಸಿದಾಗಲೆಲ್ಲ ಖಾಲಿ ಜಾಗ ಕಪ್ಪಿನಿಂದ ಬಿಳುಪಿಗೆ ಅಥವಾ ಬಿಳುಪಿನಿಂದ ಕಪ್ಪಿಗೆ ಹೋಗುತ್ತದೆ. ಅದು ಹೊರಟ ಮನೆಗೇ ಮರಳಬೇಕಾದರೆ ನಡೆಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಪ್ರತಿ ನಡೆಯೂ ಒಂದು ಅದಲುಬದಲು. ಹಾಗಾಗಿ ಅದಲುಬದಲುಗಳೂ ಸಮಸಂಖ್ಯೆಯಲ್ಲೇ ಇರುತ್ತವೆ. ಆದರೆ 14 ಮತ್ತು 15ನ್ನು ಮಾತ್ರ ತಿರುವುಮುರುವು ಮಾಡಲು ಬೆಸಸಂಖ್ಯೆಯ ಅದಲುಬದಲು ಬೇಕು. ಎರಡೂ ಕೂಡಿಬರುವುದು ಎಂದಿಗೂ ಸಾಧ್ಯವಿಲ್ಲ. ಜಾನ್ಸನ್ ಮತ್ತು ಸ್ಟೋರಿ ಎಂಬ ಇಬ್ಬರು ಗಣಿತಜ್ಞರು ಅಮೆರಿಕದ ಗಣಿತ ಪತ್ರಿಕೆಯ 1879ರ ಸಂಪುಟದಲ್ಲೇ ಇದನ್ನು ಸಾಧಿಸಿ ತೋರಿಸಿದ್ದರು.

ಈ ಒಗಟನ್ನು ಕಂಡುಹಿಡಿದವನು ತಾನೇ ಎಂದು ಲಾಯ್ಡ್ 1891ರಿಂದ ಹೇಳತೊಡಗಿದ, ಸಾಯುವವರೆಗೂ ಹೇಳುತ್ತಲೇ ಇದ್ದ. ಪರಿಹಾರಕ್ಕೆ ಸಾವಿರ ಡಾಲರ್ ಬಹುಮಾನವನ್ನೂ ಸಾರಿದ. ಪರಿಹಾರವಿಲ್ಲವೆಂದು ಬಲ್ಲವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ವಿಶ್ವಕೋಶಗಳೂ ಗಣಿತದ ಪುಸ್ತಕಗಳೂ ಆ ಮಾತನ್ನು ನಂಬಿ ಶತಮಾನದಷ್ಟು ಕಾಲ ಪುನರುಚ್ಚರಿಸಿದವು.

ನಿಜವಾದ ಸೃಷ್ಟಿಕರ್ತ ನ್ಯೂಯಾರ್ಕ್ ರಾಜ್ಯದ ಕನಸ್ಟೋಟಾ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್‌ಮನ್. 1870ರ ದಶಕದ ನಡುವಿನಲ್ಲೇ ಆತ ಇಂಥದೊಂದು ಆಟಿಕೆಯನ್ನು ಪರಿಚಿತರಿಗೆ ತೋರಿಸಿದ್ದ. 1880ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, ಅರ್ಜಿ ತಿರಸ್ಕೃತವಾಯಿತು. ಹಣವೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸೋನೆವೆಲ್ಡ್ ಅಂದಿನ ಪತ್ರಿಕೆಗಳನ್ನೂ ದಾಖಲೆಗಳನ್ನೂ ಜಾಲಾಡಿ 2006ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಚಾಪ್‌ಮನ್‌ಗೆ ಸಲ್ಲಬೇಕಾದ ಮನ್ನಣೆ ಸಂದಿತು. ಒಗಟಿನ ಹುಟ್ಟಿನಲ್ಲಾಗಲಿ ಪ್ರಚಾರದಲ್ಲಾಗಲಿ ಲಾಯ್ಡ್‌ನ ಪಾತ್ರವೇ ಇರಲಿಲ್ಲವೆಂಬುದು ಅದರಲ್ಲಿ ಸಾಬೀತಾಯಿತು.

ಭಾರತದ ಪಚ್ಚೀಸಿಯಿಂದ ಹುಟ್ಟಿದ ಅಮೆರಿಕದ ಪಾರ್ಚೀಸಿ ಆಟವನ್ನೂ ಲಾಯ್ಡ್‌ನ ಸೃಷ್ಟಿಗಳ ಪಟ್ಟಿಗೆ ಸೇರಿಸಿದ ಬರಹಗಳುಂಟು. ನಮ್ಮ ಪಗಡೆಯ ಸೋದರನಾದ ಈ ಆಟಕ್ಕೆ ಅಲ್ಲಿನ ಕಂಪನಿ 1874ರಲ್ಲೇ ಟ್ರೇಡ್‌ಮಾರ್ಕ್ ಪಡೆದಿತ್ತು. ಶತಮಾನಗಳಿಂದ ಭಾರತೀಯರು ಆಡುತ್ತ ಬಂದ ಆಟವನ್ನು ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಕಂಡುಹಿಡಿಯುವ ಅಗತ್ಯ ಯಾರಿಗೂ ಇರಲಿಲ್ಲ.

ಮುರಿದ ಗೆಳೆತನ

ಇಂಗ್ಲೆಂಡಿನಲ್ಲಿ ಲಾಯ್ಡ್‌ಗೆ ಸಮಾನನಾದ ಒಬ್ಬನಿದ್ದ. ಹೆನ್ರಿ ಅರ್ನೆಸ್ಟ್ ಡ್ಯೂಡನಿ, ಹುಟ್ಟಿದ್ದು 1857ರಲ್ಲಿ. ಸರ್ಕಾರಿ ಗುಮಾಸ್ತನಾಗಿ ದುಡಿಯತೊಡಗಿ, ಗಣಿತವನ್ನು ಸ್ವಂತ ಓದಿನಿಂದ ಕಲಿತವನು. 1890ರ ದಶಕದಲ್ಲಿ ಇಬ್ಬರ ನಡುವೆ ಪತ್ರ ವ್ಯವಹಾರ ಬೆಳೆಯಿತು. ಸಾಗರದ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಒಗಟುಗಳು ಪ್ರಯಾಣಿಸಿದವು. ಆದರೆ ತಾನು ಸ್ನೇಹದಿಂದ ಕಳಿಸಿದ ಒಗಟುಗಳು ಲಾಯ್ಡ್‌ನ ಹೆಸರಿನಲ್ಲಿ ಅಚ್ಚಾಗುತ್ತಿರುವುದು ಡ್ಯೂಡನಿಯ ಕಣ್ಣಿಗೆ ಬಿತ್ತು. ಪತ್ರಗಳು ನಿಂತವು. ಲಾಯ್ಡ್‌ನನ್ನು ನೆನೆದಾಗಲೆಲ್ಲ ತಂದೆ ಕೆಂಡವಾಗುತ್ತಿದ್ದುದನ್ನು ಡ್ಯೂಡನಿಯ ಮಗಳು ನೆನಪಿಸಿಕೊಂಡಿದ್ದಾಳೆ.

ಡ್ಯೂಡನಿ ಸೇಡು ತೀರಿಸಿಕೊಂಡದ್ದು ಗಣಿತದಿಂದ. ಚೌಕದಿಂದ ಕಾಲುಭಾಗದ ತ್ರಿಕೋನ ತೆಗೆದರೆ ಉಳಿಯುವ ಆಕೃತಿಯನ್ನು ತುಂಡರಿಸಿ ಪುನಃ ಚೌಕ ಮಾಡಬೇಕೆಂಬ ಒಗಟಿಗೆ ಲಾಯ್ಡ್ ನಾಲ್ಕೇ ತುಂಡುಗಳ ಪರಿಹಾರ ಕೊಟ್ಟಿದ್ದ. ಅದರಿಂದ ಸಿಗುವುದು ಚೌಕವಲ್ಲ, ಚೌಕದಂತೆ ಕಾಣುವ ಆಯತ ಎಂದು ಡ್ಯೂಡನಿ ತೋರಿಸಿ, ಐದು ತುಂಡುಗಳ ಸರಿಯಾದ ಉತ್ತರವನ್ನು ಮುಂದಿಟ್ಟ.

ತಂದೆಯ ಧ್ವನಿ, ಮಗನ ತುಟಿ

ಇಂದ್ರಜಾಲ, ಅನುಕರಣೆ, ಧ್ವನಿಮಾಯೆ, ಕಪ್ಪು ಕಾಗದದಲ್ಲಿ ನೆರಳುಚಿತ್ರ ಕತ್ತರಿಸುವುದು ಇವೆಲ್ಲ ಲಾಯ್ಡ್‌ಗೆ ಸಿದ್ಧಿಸಿದ್ದವು. ಪುಟ್ಟ ಮಗನನ್ನು ನಿಲ್ಲಿಸಿ, ಇಸ್ಪೀಟು ಎಲೆಗಳನ್ನು ನೋಡದೆಯೇ ಅವನ ಬಾಯಿಂದ ಹೆಸರಿಸಿ ಅತಿಥಿಗಳನ್ನು ಬೆರಗುಗೊಳಿಸುತ್ತಿದ್ದ. ಹುಡುಗ ತುಟಿ ಮಾತ್ರ ಆಡಿಸುತ್ತಿದ್ದ, ಧ್ವನಿ ತಂದೆಯದು.

1911ರ ಏಪ್ರಿಲ್ 10ರಂದು ಲಾಯ್ಡ್ ಬ್ರೂಕ್ಲಿನ್‌ನಲ್ಲಿ ತೀರಿಕೊಂಡ. ನಂತರ ಪಾತ್ರಗಳು ಅದಲುಬದಲಾದವು. ಮಗ ತಂದೆಯ ಹೆಸರನ್ನೇ ತನ್ನದಾಗಿಸಿಕೊಂಡು, ಸುಮಾರು ಐದು ಸಾವಿರ ಒಗಟುಗಳ ಬೃಹತ್ ಸಂಕಲನವನ್ನು 1914ರಲ್ಲಿ ಪ್ರಕಟಿಸಿದ. ಅವಸರದ ಆ ಹೊತ್ತಿಗೆಯಲ್ಲಿ ತಪ್ಪುಗಳು ಹಲವು. ಅದರಿಂದ ಆಯ್ದ ಗಣಿತದ ಒಗಟುಗಳನ್ನು ಮಾರ್ಟಿನ್ ಗಾರ್ಡ್‌ನರ್ 1959 ಮತ್ತು 1960ರಲ್ಲಿ ಎರಡು ಸಂಪುಟಗಳಾಗಿ ತಿದ್ದಿ ಹೊರತಂದ ಮೇಲೆ ಲಾಯ್ಡ್ ಹೊಸ ತಲೆಮಾರಿಗೆ ಪರಿಚಿತನಾದ. ಚದುರಂಗದ ಸಮಸ್ಯೆಗಳನ್ನು ಅಲೈನ್ ಸಿ. ವೈಟ್ 1913ರಲ್ಲೇ ಗ್ರಂಥವಾಗಿ ಕಾಪಾಡಿದ್ದ. 1987ರಲ್ಲಿ ಅಮೆರಿಕದ ಚೆಸ್ ಗೌರವ ಮಂದಿರದಲ್ಲಿ ಲಾಯ್ಡ್‌ಗೆ ಸ್ಥಾನ ದೊರೆಯಿತು.

ಹದಿನೈದರ ಒಗಟು ಇಂದು ಮಕ್ಕಳ ಆಟಿಕೆಯಲ್ಲೂ ಮೊಬೈಲ್ ಫೋನಿನ ಪರದೆಯ ಮೇಲೂ ಇದೆ. ಅದು ಚಾಪ್‌ಮನ್‌ನದು. ಅದನ್ನು ಅವನಿಗೆ ಮರಳಿಸಿದ ಮೇಲೂ ಲಾಯ್ಡ್‌ನ ಪಾಲಿಗೆ ಉಳಿಯುವುದೇನೂ ಕಡಿಮೆಯಲ್ಲ. ಬೆಂಡರ್‌ನ ದೊರೆ ಅವನವನು, ಕತ್ತೆಗಳು ಅವನವು, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ನಿಂತಿದ್ದ ಆ ಪದಾತಿಯೂ ಅವನದೇ. ಇಷ್ಟು ಸ್ವಂತ ಆಸ್ತಿಯಿದ್ದವನು ಪರರ ಮನೆಯ ಪಾತ್ರೆಗೆ ಏಕೆ ಹೆಸರು ಕೊರೆಸಿದನೆಂಬುದು ಮಾತ್ರ, ಒಗಟುಗಳ ಅರಸ ಉತ್ತರ ಕೊಡದೆ ಬಿಟ್ಟುಹೋದ ಒಗಟು.

ಎಕ್ಸೆಲ್ಸಿಯರ್: ಹಲಗೆಯ ಮೇಲೆ ಜೋಡಿಸಿ ನೋಡಿ

ಬಿಳಿ: ರಾಜ ಎಚ್5; ಆನೆಗಳು ಬಿ5, ಇ2; ಕುದುರೆಗಳು ಎ1, ಎಚ್3; ಪದಾತಿಗಳು ಬಿ2, ಸಿ2, ಜಿ3.
ಕಪ್ಪು: ರಾಜ ಎಚ್1, ಆನೆ ಸಿ8, ಒಂಟೆ ಡಿ8, ಕುದುರೆ ಎ8, ಪದಾತಿಗಳು ಎ3, ಬಿ6, ಬಿ7, ಇ3, ಎಫ್7, ಎಚ್7.
ಬಿಳಿಯ ನಡೆ, ಐದು ನಡೆಗಳಲ್ಲಿ ಚೆಕ್‌ಮೇಟ್. ಬಿ2ರ ಪದಾತಿ ಕ್ರಮವಾಗಿ ಬಿ4, ಸಿ5, ಸಿ6, ಬಿ7 ಮನೆಗಳನ್ನು ದಾಟಿ ಎ8ರಲ್ಲಿ ಕುದುರೆಯನ್ನು ಹೊಡೆದು ರಾಣಿಯಾಗುತ್ತದೆ.