ಅಹಲ್ಯಾಬಾಯಿಯವರ ಖಾಸಗಿ ಗಂಟು



ಈ ಸಲದ ಇ-ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕು ಎಂದು ನಮ್ಮ ಸಂಚಾಲಕಿಯವರು ಕೇಳಿದಾಗ ನನಗೆ ತಕ್ಷಣ ನೆನಪಾದವರು ಅಹಲ್ಯಾಬಾಯಿ ಹೋಳ್ಕರ್. ಅದಕ್ಕೊಂದು ಕಾರಣವಿದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೋದ ವರ್ಷ ನಮ್ಮ ಮಹಿಳಾ ವೇದಿಕೆಯಲ್ಲಿ ಬಡ ಹೆಣ್ಣುಮಕ್ಕಳ ಶಾಲಾ ಶುಲ್ಕಕ್ಕೆಂದು ಒಂದು ನಿಧಿ ಶುರುವಾಯಿತು. ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ನಾನು ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದುಬಿಟ್ಟೆ. ನಾನು ಎಂಟೆಕ್ ಓದಿದವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವವಳು. ಸಂಬಳ ನನ್ನ ಖಾತೆಗೇ ಬರುತ್ತದೆ. ಮನೆಯಲ್ಲಿ ಬೇಡ ಎನ್ನುವವರೂ ಯಾರಿಲ್ಲ. ಆ ಸಂಜೆ ಮನೆಗೆ ಹೋದ ಮೇಲೆ ಕೇಳುವುದನ್ನು ಮರೆತೆ, ಮರುದಿನವೂ ಮರೆತೆ. ವಾರ ಕಳೆದ ಮೇಲೆ ನನಗೇ ಗೊತ್ತಾಯಿತು, ಅದು ಮರೆವಲ್ಲ, ನೆಪ. ಅದೇ ವಾರ ಆನ್‌ಲೈನಿನಲ್ಲಿ ಎರಡು ಕುರ್ತಾ ತರಿಸಿಕೊಳ್ಳುವಾಗ ನಾನು ಯಾರನ್ನೂ ಕೇಳಿರಲಿಲ್ಲ.

ಇದಾದ ಕೆಲವು ವಾರಗಳಿಗೆ ನಾವು ಕೆಲವರು ಸೇರಿ ಛತ್ರಪತಿ ಸಂಭಾಜಿನಗರಕ್ಕೆ ಪ್ರವಾಸ ಹೋದೆವು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಖುಲ್ತಾಬಾದ್ ತಾಲ್ಲೂಕಿನಲ್ಲಿ ವೇರೂಳ ಇದೆ. ನಾವು ಎಲ್ಲೋರ ಎನ್ನುವುದು ಈ ಊರಿಗೇ. ಕನ್ನಡಿಗರಾದ ನಮಗೆ ಅಲ್ಲಿನ ಕೈಲಾಸ ದೇವಾಲಯ ನೋಡುವ ಆಸೆ ಹೆಚ್ಚು. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆಸಿ ಮಾಡಿಸಿದ ಗುಡಿ ಅದು. ಅದನ್ನು ಕಣ್ತುಂಬ ನೋಡಿಕೊಂಡು, ಹತ್ತಿರದಲ್ಲೇ ಇರುವ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನಕ್ಕೆ ಹೋದೆವು. ಕೆಂಪು ಕಲ್ಲಿನ ಗುಡಿ, ಕೈಲಾಸದ ಮುಂದೆ ಪುಟ್ಟದೇ.

ಸಾಲಿನಲ್ಲಿ ನಿಂತಿದ್ದಾಗ ಜೊತೆಗಿದ್ದ ಹಿರಿಯರೊಬ್ಬರು ಸ್ಥಳಪುರಾಣ ಹೇಳಿದರು. ಘುಷ್ಮೆ ಎಂಬ ಭಕ್ತೆ ದಿನವೂ 101 ಮಣ್ಣಿನ ಲಿಂಗ ಮಾಡಿ, ಪೂಜಿಸಿ, ಕೊಳದಲ್ಲಿ ಬಿಡುತ್ತಿದ್ದಳಂತೆ. ಸವತಿಯಾಗಿದ್ದ ಅವಳ ಅಕ್ಕನೇ ಹೊಟ್ಟೆಕಿಚ್ಚಿನಿಂದ ಅವಳ ಮಗನನ್ನು ಕೊಂದಳಂತೆ. ಆ ದಿನವೂ ಘುಷ್ಮೆ ಪೂಜೆ ಬಿಡಲಿಲ್ಲ. ಶಿವ ಪ್ರತ್ಯಕ್ಷನಾಗಿ ಮಗನನ್ನು ಬದುಕಿಸಿಕೊಟ್ಟಾಗ ಅಕ್ಕನನ್ನು ಕ್ಷಮಿಸು ಎಂದು ಬೇಡಿಕೊಂಡಳಂತೆ. ಹಾಗಾಗಿ ಇಲ್ಲಿ ಶಿವನೇ ಅವಳ ಹೆಸರು ಹೊತ್ತುಕೊಂಡು ನಿಂತಿದ್ದಾನೆ.

ಈ ಗುಡಿಯನ್ನು ಮೊದಲು ಜೀರ್ಣೋದ್ಧಾರ ಮಾಡಿಸಿದವರು ವೇರೂಳದ ಮಾಲೋಜಿ ಭೋಸಲೆ, ಅಂದರೆ ಶಿವಾಜಿ ಮಹಾರಾಜರ ಅಜ್ಜ. ಹದಿನೆಂಟನೇ ಶತಮಾನದಲ್ಲಿ ಅದು ಮತ್ತೆ ಎದ್ದು ನಿಂತದ್ದರ ಹಿಂದೆ ಇಬ್ಬರು ಹೆಂಗಸರ ಹೆಸರು ಕೇಳಿಬರುತ್ತದೆ, ಗೌತಮಾಬಾಯಿ ಹೋಳ್ಕರ್ ಮತ್ತು ಅವರ ಸೊಸೆ ಅಹಲ್ಯಾಬಾಯಿ. ಗುಡಿಯಿಂದ ಸ್ವಲ್ಪ ದೂರದಲ್ಲಿ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ ಶಿವಾಲಯ ತೀರ್ಥ ಎಂಬ ಸುಂದರ ಪುಷ್ಕರಣಿಯೂ ಇದೆ. ಅದು ಅಹಲ್ಯಾಬಾಯಿಯವರ ಕೊಡುಗೆ. ಆ ಮೆಟ್ಟಿಲ ಮೇಲೆ ಕೂತಾಗ ನನಗೆ ಒಂದು ಪ್ರಶ್ನೆ ಬಂತು. ಅಹಲ್ಯಾಬಾಯಿ ಆಳಿದ್ದು ಮಾಳವವನ್ನು, ಈ ಊರು ಇರುವುದು ಅಲ್ಲಿಂದ ದೂರದಲ್ಲಿ. ಇಷ್ಟು ದೂರದ ಊರಿಗೆ ಆ ರಾಣಿ ಯಾವ ದುಡ್ಡು ಕೊಟ್ಟರು? ಮನೆಗೆ ಬಂದ ಮೇಲೆ ಅವರ ಜೀವನವನ್ನು ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಅಹಲ್ಯಾಬಾಯಿ ಹುಟ್ಟಿದ್ದು 1725ರ ಮೇ 31ರಂದು, ಅಹಮದನಗರ ಸೀಮೆಯ ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ ಊರಿನ ಪಾಟೀಲರು, ಕುರಿಗಾಹಿ ಧನಗರ ಸಮಾಜದವರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಪರೂಪವಾಗಿದ್ದ ಕಾಲದಲ್ಲಿ ಅವರು ಮಗಳಿಗೆ ಓದು ಬರಹ ಕಲಿಸಿದರು. ಪೇಶ್ವೆಯವರ ಸರದಾರ ಮಲ್ಹಾರರಾವ್ ಹೋಳ್ಕರ್ ಈ ಹುಡುಗಿಯನ್ನು ಊರ ಗುಡಿಯಲ್ಲಿ ಕಂಡು ಸೊಸೆಯಾಗಿ ತಂದುಕೊಂಡರು ಎಂಬ ಕಥೆ ಇದೆ. 1733ರಲ್ಲಿ ಅವರ ಮಗ ಖಂಡೇರಾವ್ ಜೊತೆ ಮದುವೆಯಾದಾಗ ಅಹಲ್ಯೆಗೆ ಎಂಟು ವರ್ಷ.

ಮದುವೆಯ ಮರುವರ್ಷ ಒಂದು ಘಟನೆ ನಡೆಯಿತು. 1734ರಲ್ಲಿ ಪೇಶ್ವೆ ಬಾಜಿರಾವ್ ಕೆಲವು ಊರುಗಳ ಹುಟ್ಟುವಳಿಯನ್ನು ಮಲ್ಹಾರರಾಯರ ಹೆಂಡತಿ ಗೌತಮಾಬಾಯಿಯವರ ಹೆಸರಿಗೆ ಜಹಗೀರಾಗಿ ಬರೆದುಕೊಟ್ಟರು. ಸೈನ್ಯ, ಆಡಳಿತಗಳಿಗೆ ಸೇರಿದ್ದು ದೌಲತ್. ಮನೆಯ ಹೆಂಗಸಿನ ಕೈಗೆ ಸೇರಿದ ಈ ಬೇರೆ ಹುಟ್ಟುವಳಿಗೆ ಹೆಸರು ಖಾಸಗಿ. ನಾವು ಕನ್ನಡದಲ್ಲಿ ಖಾಸಗಿ ವಿಷಯ, ಖಾಸಗಿ ಶಾಲೆ ಎನ್ನುತ್ತೇವಲ್ಲ, ಅದೇ ಮಾತು. ಎರಡರ ಲೆಕ್ಕವೂ ಬೇರೆ ಬೇರೆ. ಗೌತಮಾಬಾಯಿ 1761ರಲ್ಲಿ ತೀರಿಕೊಂಡ ಮೇಲೆ ಈ ಗಂಟು ಸೊಸೆಯ ಕೈಗೆ ಬಂತು.

ಅಷ್ಟು ಹೊತ್ತಿಗೆ ಸೊಸೆ ಸಾಕಷ್ಟು ನೋವು ಕಂಡಿದ್ದರು. 1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಗಂಡ ಖಂಡೇರಾವ್ ಫಿರಂಗಿ ಗುಂಡಿಗೆ ಬಲಿಯಾದರು. ಅಹಲ್ಯಾಬಾಯಿ ಸಹಗಮನಕ್ಕೆ ಸಿದ್ಧರಾದಾಗ ಮಾವ ಮಲ್ಹಾರರಾಯರು ಕಣ್ಣೀರಿಟ್ಟು ತಡೆದರು. ಆಮೇಲೆ ಅವರು ಸೊಸೆಗೆ ರಾಜ್ಯದ ಕೆಲಸ ಕಲಿಸಿದರು. ತಾವು ದಂಡಯಾತ್ರೆಯಲ್ಲಿದ್ದಾಗ ಫಿರಂಗಿ, ಮದ್ದುಗುಂಡು, ದವಸಧಾನ್ಯದ ವ್ಯವಸ್ಥೆಯನ್ನು ಅವರಿಗೇ ಒಪ್ಪಿಸಿ ಪತ್ರ ಬರೆಯುತ್ತಿದ್ದರು. 1766ರಲ್ಲಿ ಮಾವ ಹೋದರು. ಪಟ್ಟಕ್ಕೆ ಬಂದ ಒಬ್ಬನೇ ಮಗ ಮಾಲೇರಾವ್ ಮರುವರ್ಷವೇ ತೀರಿಕೊಂಡ. ಹೆಂಗಸಿನ ಕೈಯಲ್ಲಿ ಏನಾಗುತ್ತದೆ ಎಂದುಕೊಂಡು ಪೇಶ್ವೆಯ ಮನೆಯ ರಘುನಾಥರಾವ್ ದಂಡು ಕಟ್ಟಿಕೊಂಡು ಬಂದರು. ಗೆದ್ದರೆ ಹೆಂಗಸನ್ನು ಗೆದ್ದವನೆಂಬ ಹೆಸರು, ಸೋತರೆ ಹೆಂಗಸಿನ ಕೈಲಿ ಸೋತವನೆಂಬ ಹೆಸರು, ಯೋಚಿಸಿ ನೋಡಿ ಎಂಬರ್ಥದ ಮಾತನ್ನು ಅಹಲ್ಯಾಬಾಯಿ ಹೇಳಿಕಳಿಸಿದರಂತೆ. ದಂಡು ಯುದ್ಧವಿಲ್ಲದೆ ಹಿಂದಿರುಗಿತು.

1767ರಿಂದ 1795ರವರೆಗೆ, 28 ವರ್ಷ ಅವರು ಆಳಿದರು. ಸೈನ್ಯದ ಹೊಣೆಯನ್ನು ತುಕೋಜಿ ಹೋಳ್ಕರ್ ಅವರಿಗೆ ವಹಿಸಿ, ತಾವು ನರ್ಮದಾ ತೀರದ ಮಹೇಶ್ವರದಲ್ಲಿ ನೆಲೆಸಿದರು. ನೇಕಾರರನ್ನು ಅಲ್ಲಿಗೆ ಕರೆಸಿಕೊಂಡು ಮಗ್ಗ ಹಾಕಿಸಿದರು. ನಾವು ಇಷ್ಟಪಟ್ಟು ಉಡುವ ಮಹೇಶ್ವರಿ ಸೀರೆ ಆ ಮಗ್ಗಗಳಿಂದ ಬಂದದ್ದು. ಅವರು ತೀರಿಕೊಂಡ 25 ವರ್ಷದೊಳಗೆ ಮಾಳವಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ ಅವರನ್ನು ಕಂಡಿದ್ದ ಜನರನ್ನೇ ವಿಚಾರಿಸಿ, 1823ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವರ ದಿನಚರಿಯನ್ನು ಬರೆದಿದ್ದಾನೆ. ಬೆಳಕು ಹರಿಯುವ ಮೊದಲೇ ಏಳುವುದು, ಪೂಜೆ, ಪುರಾಣ ಶ್ರವಣ, ದಾನ, ಆಮೇಲೆ ಸಸ್ಯಾಹಾರದ ಊಟ. ಮಧ್ಯಾಹ್ನದಿಂದ ಸೂರ್ಯ ಮುಳುಗುವ ತನಕ ದರ್ಬಾರು. ಸಂಜೆ ಪೂಜೆ ಮುಗಿಸಿ ರಾತ್ರಿ ಮತ್ತೆ ಎರಡು ಗಂಟೆ ಕಡತಗಳ ಕೆಲಸ. ದಾನ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕಾದುಕೊಂಡಿರಲಿಲ್ಲ, ಸ್ನಾನ ಊಟದ ಹಾಗೆ ಪ್ರತಿದಿನದ ಕೆಲಸವಾಗಿತ್ತು ಎಂಬುದನ್ನು ಗಮನಿಸಿ.

ಆ ಖಾಸಗಿ ಗಂಟಿನಿಂದ ಏನೇನಾಯಿತು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಕಾಶಿಯಲ್ಲಿ ನಾವು ಇವತ್ತು ದರ್ಶನ ಮಾಡುವ ವಿಶ್ವನಾಥನ ಗುಡಿ 1780ರ ಹೊತ್ತಿಗೆ ಅವರು ಕಟ್ಟಿಸಿದ್ದು. ಗಯೆಯ ವಿಷ್ಣುಪಾದ ಮಂದಿರ ಅವರದು. ಸೋಮನಾಥದಲ್ಲಿ ಪೂಜೆ ನಿಂತೇಹೋಗಿದ್ದ ಕಾಲದಲ್ಲಿ ಪಕ್ಕದಲ್ಲಿ ಬೇರೆ ಗುಡಿ ಕಟ್ಟಿಸಿ ಪೂಜೆ ನಡೆಯುವಂತೆ ಮಾಡಿದರು. ಕೇದಾರ, ದ್ವಾರಕೆ, ಪುರಿ, ರಾಮೇಶ್ವರ, ನಮ್ಮ ಗೋಕರ್ಣವೂ ಅವರ ದಾನದ ಪಟ್ಟಿಯಲ್ಲಿವೆ. ಇವುಗಳಲ್ಲಿ ಒಂದೂ ಅವರ ರಾಜ್ಯದೊಳಗೆ ಇರಲಿಲ್ಲ. ಅಲ್ಲಿಂದ ಅವರಿಗೆ ಕಂದಾಯ ಬರುತ್ತಿರಲಿಲ್ಲ, ಜೈಕಾರ ಹಾಕಲು ಪ್ರಜೆಗಳೂ ಇರಲಿಲ್ಲ.

ಗುಡಿಗಳಿಗಿಂತ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಸಣ್ಣ ಸಣ್ಣ ಕೊಡುಗೆಗಳು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡಲು ದಾರಿಯುದ್ದಕ್ಕೂ ಜನರನ್ನು ನಿಲ್ಲಿಸುತ್ತಿದ್ದರು. ಚಳಿಗಾಲಕ್ಕೆ ಮೊದಲು ಬಡವರಿಗೆ ಬೆಚ್ಚನೆಯ ಬಟ್ಟೆ. ಉಳುವ ಎತ್ತುಗಳನ್ನು ಹೊಲದಲ್ಲೇ ನಿಲ್ಲಿಸಿ ನೀರು ಕುಡಿಸಲು ಆಳುಗಳು. ರೈತರು ಹಕ್ಕಿಗಳನ್ನು ಬೆಳೆಯಿಂದ ಓಡಿಸುತ್ತಾರಲ್ಲ ಎಂದು, ಬೆಳೆದ ಪೈರನ್ನೇ ಕೊಂಡು ಹಕ್ಕಿಗಳಿಗೆ ಬಿಟ್ಟುಕೊಡುತ್ತಿದ್ದರಂತೆ. ದಕ್ಷಿಣದ ದೂರದೂರದ ದೇವಸ್ಥಾನಗಳಿಗೆ ಅಭಿಷೇಕಕ್ಕೆಂದು ಗಂಗಾಜಲ ಹೊರಿಸಿ ಕಳಿಸುತ್ತಿದ್ದರು. ಮಾಲ್ಕಂ ಇದನ್ನೆಲ್ಲ ಕೇಳಿ ದಾಖಲಿಸಿದ್ದಾನೆ.

ಕಟ್ಟಿಸಿ ಕೈತೊಳೆದುಕೊಳ್ಳುವ ಪದ್ಧತಿ ಅವರದಾಗಿರಲಿಲ್ಲ. ಗುಡಿಯ ಜೊತೆಗೆ ದೀಪದ ಎಣ್ಣೆಗೆ, ಅನ್ನಛತ್ರದ ಅಕ್ಕಿಬೇಳೆಗೆ ವರ್ಷವರ್ಷವೂ ತಪ್ಪದೆ ಹಣ ಸಲ್ಲುವಂತೆ ಏರ್ಪಾಡು ಮಾಡುತ್ತಿದ್ದರು. ನನ್ನ ಕೆಲಸದಲ್ಲೂ ಇದನ್ನು ದಿನವೂ ನೋಡುತ್ತೇನೆ. ಹೊಸ ಸಾಫ್ಟ್‌ವೇರ್ ಬಿಡುಗಡೆಯಾದ ದಿನ ಎಲ್ಲರೂ ಕೇಕ್ ಕತ್ತರಿಸುತ್ತಾರೆ. ಅದನ್ನು ಹತ್ತು ವರ್ಷ ನಿಲ್ಲದ ಹಾಗೆ ನೋಡಿಕೊಳ್ಳುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅವರಿಲ್ಲದಿದ್ದರೆ ಅದು ಉಳಿಯುವುದಿಲ್ಲ.

ಇನ್ನೊಂದು ಮಾತು. ಇತರ ಹೆಂಗಸರ ಗಂಟನ್ನೂ ಅವರು ಕಾಪಾಡಿದರು. ಮಕ್ಕಳಿಲ್ಲದ ವಿಧವೆಯ ಆಸ್ತಿ ಸರ್ಕಾರಕ್ಕೆ ಸೇರಬೇಕೆಂದು ಅಧಿಕಾರಿಗಳು ಕೈಚಾಚುತ್ತಿದ್ದ ಕಾಲ ಅದು. ಅಹಲ್ಯಾಬಾಯಿ ಅದನ್ನು ಮುಟ್ಟಲು ಒಪ್ಪಲಿಲ್ಲ. ದತ್ತು ತೆಗೆದುಕೊಳ್ಳಲು, ಆಸ್ತಿಯನ್ನು ತಮಗೆ ಸರಿಕಂಡಂತೆ ಬಳಸಲು ವಿಧವೆಯರಿಗೆ ಅವಕಾಶ ಮಾಡಿಕೊಟ್ಟರು. ತನ್ನದು ಎಂಬುದು ಇದ್ದರೆ ತಾನೇ ಹೆಂಗಸು ಕೊಡುವುದು?

ಅವರ ಮೇಲೆ ಟೀಕೆಯೂ ಇದೆ. ದಾನಧರ್ಮಕ್ಕೆ ಕೊಟ್ಟ ಗಮನವನ್ನು ಸೈನ್ಯಕ್ಕೆ ಕೊಡಬೇಕಿತ್ತು ಎನ್ನುವವರಿದ್ದಾರೆ. 1793ರಲ್ಲಿ ಲಾಖೇರಿಯಲ್ಲಿ ಶಿಂದೆಯವರ ಕೈಲಿ ಹೋಳ್ಕರರ ಸೈನ್ಯ ಸೋತದ್ದೂ ನಿಜ. ಆ ವಾದದಲ್ಲಿ ಹುರುಳಿರಬಹುದು. ಆದರೆ ಆ ಸೈನ್ಯಗಳು ಇಂದು ಇಲ್ಲ, ವೇರೂಳದ ಕೊಳದ ಮೆಟ್ಟಿಲುಗಳು ಇವೆ.

ಇಷ್ಟೆಲ್ಲ ಕೊಟ್ಟವರ ಮನೆ ತುಂಬಿತ್ತೇ ಎಂದರೆ ಇಲ್ಲ. ಕೊನೆಗಾಲದಲ್ಲಿ ಮೊಮ್ಮಗ ತೀರಿಕೊಂಡ. ಅವನ ಹಿಂದೆಯೇ, 1791ರಲ್ಲಿ, ಅಳಿಯ ಯಶವಂತರಾವ್ ಫಣಸೆ ಹೋದರು. ಮಗಳು ಮುಕ್ತಾಬಾಯಿ ಸಹಗಮನಕ್ಕೆ ನಿಂತಳು. ಅಂದು ಮಾವ ತನ್ನನ್ನು ಬೇಡಿಕೊಂಡ ಹಾಗೆಯೇ ಈ ತಾಯಿ ಮಗಳನ್ನು ಬೇಡಿಕೊಂಡರು. ಮಗಳು ಕೇಳಲಿಲ್ಲ. ನರ್ಮದೆಯ ದಡದಲ್ಲಿ ನಿಂತು ಆ ಚಿತೆಯನ್ನು ನೋಡಬೇಕಾಯಿತು. ಮೂರು ದಿನ ಅನ್ನ ಮುಟ್ಟದೆ ಮಾತೂ ಆಡದೆ ಇದ್ದವರು ಆಮೇಲೆ ಎದ್ದು ಮತ್ತೆ ಕೆಲಸಕ್ಕೆ ಕೂತರು. ಅನ್ನಛತ್ರಗಳು ಒಂದು ದಿನವೂ ನಿಲ್ಲಲಿಲ್ಲ ಎಂದೇ ನಾನು ಭಾವಿಸುತ್ತೇನೆ. 1795ರ ಆಗಸ್ಟ್ 13ರಂದು, 70ನೇ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು.

ರಾಣಿಯಾದ್ದರಿಂದ ಕೊಟ್ಟರು, ನಮ್ಮ ಕೈಲಿ ಏನಾಗುತ್ತದೆ ಎಂದು ನಮಗನ್ನಿಸಬಹುದು. ಮಿಜೋರಂನ ಕ್ರೈಸ್ತ ಹೆಣ್ಣುಮಕ್ಕಳ ಒಂದು ರೂಢಿ ಕೇಳಿ. ಅಡುಗೆಗೆ ಅಕ್ಕಿ ಅಳೆಯುವಾಗೆಲ್ಲ ಒಂದು ಹಿಡಿ ಪಕ್ಕಕ್ಕೆ ತೆಗೆದಿಡುತ್ತಾರೆ. ಅದನ್ನು ಒಟ್ಟುಮಾಡಿ ಮಾರಿ, ಆ ಹಣವನ್ನು ಚರ್ಚಿನ ಸೇವೆಗೆ ಕೊಡುತ್ತಾರೆ. ನೂರು ವರ್ಷಕ್ಕೂ ಮೇಲಾಗಿ ಇದು ನಡೆದುಬಂದಿದೆ. ಅಲ್ಲಿಯವರೆಗೆ ಯಾಕೆ, ನನ್ನ ಅಜ್ಜಿಗೆ ಸ್ವಂತ ಸಂಪಾದನೆ ಒಂದು ರೂಪಾಯಿಯೂ ಇರಲಿಲ್ಲ. ಆದರೆ ಹಾಲು ಮೊಸರು ಮಾರಿದ ಚಿಲ್ಲರೆಯಲ್ಲಿ ಉಳಿಸಿ, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಡುತ್ತಿದ್ದಳು. ಅದರಿಂದ ಎಷ್ಟು ಜನಕ್ಕೆ ಊಟ ಹಾಕಿದಳೋ, ಎಷ್ಟು ಹುಡುಗರ ಪರೀಕ್ಷೆ ಫೀಸು ಕಟ್ಟಿದಳೋ. ಅಜ್ಜಿ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದದ್ದನ್ನು ನಾನು ಕೇಳಿಲ್ಲ. ಸಂಪಾದಿಸುವ ಮೊಮ್ಮಗಳು ಆ ಮಾತು ಹೇಳಿದಳು.

ವೇರೂಳದಿಂದ ಬಂದ ತಿಂಗಳೇ ನಾನು ಒಂದು ಬೇರೆ ಉಳಿತಾಯ ಖಾತೆ ತೆರೆದೆ. ಸಂಬಳ ಬಂದ ಮರುದಿನ ಸಣ್ಣ ಮೊತ್ತವೊಂದು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಫೋನಿನಲ್ಲಿ ಆ ಖಾತೆಗೆ ಖಾಸಗಿ ಎಂದು ಹೆಸರಿಟ್ಟಿದ್ದೇನೆ. ಅದರಿಂದ ನಮ್ಮ ವೇದಿಕೆಯ ನಿಧಿಗೆ ಪ್ರತಿ ತಿಂಗಳೂ ಸಲ್ಲುತ್ತದೆ. ಮನೆಯವರಿಗೆ ಕೊಟ್ಟ ಮೇಲೆ ಹೇಳಿದೆ. ಅವರು ನಕ್ಕು, ತಮ್ಮದೂ ಸ್ವಲ್ಪ ಸೇರಿಸಿದರು.

ಗೆಳತಿಯರೇ, ಎಷ್ಟು ಕೊಡಬೇಕು ಎಂದು ನಾನು ಹೇಳುವುದಿಲ್ಲ. ನಿಮ್ಮ ನಿಮ್ಮ ನಂಬಿಕೆ ಯಾವುದೋ, ಮನಸ್ಸು ಓಡುವ ಕೆಲಸ ಯಾವುದೋ, ಅದಕ್ಕೆ ಒಂದು ಗಂಟು ಬೇರೆ ತೆಗೆದಿಡಿ. ಮೊದಲೇ ತೆಗೆದಿಡಿ, ಖರ್ಚಾಗಿ ಮಿಕ್ಕದ್ದನ್ನಲ್ಲ. ಯಾವ ಹುಡುಗಿಯ ಫೀಸು ಅದರಿಂದ ಕಟ್ಟಿದೆವೋ ಅವಳನ್ನು ನಾವು ಎಂದೂ ನೋಡದೆ ಇರಬಹುದು. ಪರವಾಗಿಲ್ಲ. ಶಿವಾಲಯ ತೀರ್ಥದ ಮೆಟ್ಟಿಲ ಮೇಲೆ ನಾನು ಕೂರುತ್ತೇನೆಂದು ಅಹಲ್ಯಾಬಾಯಿಯವರಿಗೂ ಗೊತ್ತಿರಲಿಲ್ಲ.