ಏಳು ತಂತಿಯ ಚೌಡಯ್ಯ

ಆದಿವಾಲದಲ್ಲಿ ಗಣೇಶನ ಪೆಂಡಾಲ್ ಎದ್ದರೆ ಸಾಕು, ಹಿಂದೆಯೇ ಮೈಕ್‌ಸೆಟ್ ಬರುತ್ತೆ. ಮೈಕೇ ಇಲ್ಲದ ಕಾಲದಲ್ಲಿ ಕಟ್ಟಕಡೆ ಸಾಲಿನವರಿಗೆ ಪಿಟೀಲು ಕೇಳಿಸೋದು ಹೇಗೆ? ಇದಕ್ಕೆ ಉತ್ತರ ಹುಡುಕಿದವರು ಪಿಟೀಲು ಚೌಡಯ್ಯ.

1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತರು. ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುವಾಗ ಹಿಂದೆ ಕೂತವರಿಗೆ ಪಿಟೀಲು ಸರಿಯಾಗಿ ಮುಟ್ಟುತ್ತಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ಸೇರಿಸಿದರು. ನಾದ ತುಂಬಿ ಬಂತು. ಆದರೆ ಪುಕ್ಕಟೆಯಾಗಿ ಅಲ್ಲ: ಶ್ರುತಿ ಮಾಡೋದು ಕಷ್ಟ, ಜೋಡಿ ತಂತಿಯನ್ನು ಒಂದೇ ಬೆರಳಲ್ಲಿ ಒತ್ತಬೇಕು, ಕೂದಲೆಳೆ ತಪ್ಪಿದರೂ ಅಪಸ್ವರ. ಸಾಧನೆ ಮಾಡಿ ಮಾಡಿ ಅದನ್ನು ಪಳಗಿಸಿದರು.

ಅಮೆರಿಕದ ಜಾಝ್ ಗಿಟಾರ್‌ನವರಿಗೂ ಆಗ ಇದೇ ತಲೆನೋವು. ಟ್ರಂಪೆಟ್, ಸ್ಯಾಕ್ಸೋಫೋನ್ ನಡುವೆ ಗಿಟಾರ್ ಮುಳುಗಿಹೋಗ್ತಿತ್ತು. ಅವರು ಪಿಕಪ್, ಆಂಪ್ಲಿಫೈಯರ್ ದಾರಿ ಹಿಡಿದರು. 1936ರಲ್ಲಿ ಗಿಬ್ಸನ್ ಇಎಸ್-150 ಬಂತು. ಚೌಡಯ್ಯನವರು ವಾದ್ಯವನ್ನೇ ತಿದ್ದಿದರು.

ಗಿಟಾರ್ ಹಿಡಿದ ನಮ್ಮ ಹುಡುಗರು ಇದನ್ನ ನೆನಪಿಡಬೇಕು. ಆಂಪ್‌ನ ವಾಟ್ ಎರಡರಷ್ಟು ಮಾಡಿದರೂ ಹೆಚ್ಚೋದು ಬರೀ 3 ಡೆಸಿಬೆಲ್. ಅಷ್ಟೇ ಹೆಚ್ಚು ಸೆನ್ಸಿಟಿವಿಟಿ ಇರೋ ಸ್ಪೀಕರನ್ನು ಓಮ್ ಹೊಂದಿಸಿ ಹಾಕಿದರೆ, ಬೆನ್ನಿಗೆ ಹಾಕ್ಕೊಂಡು ಹೋಗೋ ಹಗುರ ಆಂಪೇ ಸಾಕಾಗಬಹುದು.

1957ರಲ್ಲಿ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದು ಬಂತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿಗೆ ಹೋದಾಗ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ನೋಡಿ, ಒಂದು ಕಚೇರಿಯನ್ನು ಕಡೇ ಸಾಲಲ್ಲಿ ಕೂತು ಕೇಳಿ. ಅವರು ಏಳು ತಂತಿ ಕಟ್ಟಿದ್ದು ಆ ಸಾಲಿನವರಿಗಾಗಿಯೇ.